ಮಲ್ಲನ ನಿವೃತ್ತಿಯೂ ಲೋಕದ ತೂಕವೂ

ಒಬ್ಬ ಮನುಷ್ಯನ ಜೀವಮಾನದ ದುಡಿಮೆಯನ್ನು ತೂಗಲು ಹೊರಟಾಗ ಲೋಕವು ಸಾಮಾನ್ಯವಾಗಿ ಎರಡು ತಪ್ಪುಗಳನ್ನು ಮಾಡುತ್ತದೆ. ಎಣಿಕೆಗೆ ಸಿಕ್ಕುವುದನ್ನು ಮಾತ್ರ ಎಣಿಸುವುದು ಮೊದಲನೆಯದು. ಕಟ್ಟಕಡೆಗೆ ಕಂಡದ್ದನ್ನೇ ಇಡಿಯ ಬಾಳಿನ ಬೆಲೆಯೆಂದು ಬಗೆಯುವುದು ಎರಡನೆಯದು. ಕವಿ, ಗಾಯಕ, ಅಧ್ಯಾಪಕ, ಅಧಿಕಾರಿ ಎಲ್ಲರೂ ಈ ತಪ್ಪು ತೂಕಕ್ಕೆ ಗುರಿಯಾದವರೇ. ಆದರೆ ಮಲ್ಲನ ಪಾಲಿಗೆ ಅದು ಹೆಚ್ಚು ಕ್ರೂರವಾದುದು. ಗಾಯಕನ ಕಂಠ ಒಡೆದರೆ ರಸಿಕರು ಸೈರಿಸಿಕೊಂಡಾರು. ಮಲ್ಲನ ತೋಳು ಬಳಲಿದರೆ ಆತನು ಸಾವಿರಾರು ಜನರ ಕಣ್ಣೆದುರಿಗೆ ನೆಲಕ್ಕುರುಳಬೇಕು. ಅಮೆರಿಕ ದೇಶದ ಮುಷ್ಟಿಮಲ್ಲ ಜೋ ಲೂಯಿಸನ ವೃತ್ತಾಂತವು ಈ ಮಾತಿಗೆ ತಕ್ಕ ನಿದರ್ಶನವಾಗಿದೆ.

ಲೂಯಿಸನು 1914ರಲ್ಲಿ ಅಲಬಾಮಾ ಪ್ರಾಂತದ ಬಡ ಕೃಷಿಕ ಕುಟುಂಬದಲ್ಲಿ ಜನಿಸಿದನು. ಆತನ ಪೂರ್ವಜರು ಗುಲಾಮಗಿರಿಯ ನೊಗವನ್ನು ಹೊತ್ತವರು. ಬಾಲ್ಯದಲ್ಲಿಯೇ ಕುಟುಂಬವು ಡೆಟ್ರಾಯಿಟ್ ನಗರಕ್ಕೆ ವಲಸೆ ಹೋಯಿತು. 1934ರಲ್ಲಿ ವೃತ್ತಿಯ ಕಣಕ್ಕಿಳಿದ ಈ ತರುಣನು ಎರಡು ವರ್ಷಗಳಲ್ಲಿಯೇ ದೇಶದ ಕಣ್ಮಣಿಯಾದನು. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗನ ಕೈಯಲ್ಲಿ ಮೊದಲ ಸೋಲನ್ನುಂಡನಾದರೂ, 1937ರ ಜೂನ್ 22ರಂದು ಶಿಕಾಗೊ ನಗರದಲ್ಲಿ ಜೇಮ್ಸ್ ಬ್ರಾಡಕ್‌ನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿ ಹೆವಿವೇಟ್ ವರ್ಗದ ಜಗಜ್ಜೇತನೆನಿಸಿದನು. 1915ರಲ್ಲಿ ಜ್ಯಾಕ್ ಜಾನ್ಸನ್ನನು ಆ ಪಟ್ಟವನ್ನು ಕಳೆದುಕೊಂಡ ತರುವಾಯ ಇಪ್ಪತ್ತೆರಡು ವರ್ಷಗಳವರೆಗೆ ಕಪ್ಪು ಜನಾಂಗದ ಯಾವ ಮಲ್ಲನಿಗೂ ಅದಕ್ಕಾಗಿ ಸೆಣಸುವ ಅವಕಾಶವೇ ದೊರೆತಿರಲಿಲ್ಲ.

ಸರಿಯಾಗಿ ಒಂದು ವರ್ಷದ ಅನಂತರ, 1938ರ ಜೂನ್ 22ರಂದು, ಲೂಯಿಸ್ ಮತ್ತು ಶ್ಮೆಲಿಂಗರು ನ್ಯೂಯಾರ್ಕಿನಲ್ಲಿ ಮತ್ತೆ ಎದುರುಬದುರಾದರು. ಹಿಟ್ಲರನ ಆಡಳಿತವು ಶ್ಮೆಲಿಂಗನ ಗೆಲುವನ್ನು ತನ್ನ ಜನಾಂಗಶ್ರೇಷ್ಠತೆಯ ಸಾಕ್ಷಿಯೆಂದು ಸಾರಿಕೊಂಡಿದ್ದ ಕಾಲವದು. ಸ್ವತಃ ಶ್ಮೆಲಿಂಗನು ನಾಜಿ ಪಕ್ಷಕ್ಕೆ ಸೇರಿದವನಾಗಿರಲಿಲ್ಲ. ಹೋರಾಟವು ಮೊದಲನೆಯ ಸುತ್ತಿನಲ್ಲಿಯೇ, 2 ನಿಮಿಷ 4 ಸೆಕೆಂಡುಗಳಲ್ಲಿ ಮುಗಿದುಹೋಯಿತು. ತನ್ನ ನಾಡಿನಲ್ಲಿಯೇ ಅನೇಕ ಹೋಟಲುಗಳ ಬಾಗಿಲು ತೆರೆಯದಿದ್ದ ಮನುಷ್ಯನನ್ನು ಅಂದು ಅದೇ ನಾಡು ತನ್ನ ಪ್ರತಿನಿಧಿಯೆಂದು ಎದೆಗಪ್ಪಿಕೊಂಡಿತು.

ಲೂಯಿಸನು 11 ವರ್ಷ 8 ತಿಂಗಳುಗಳ ಕಾಲ ಆ ಪಟ್ಟವನ್ನಾಳಿದನು. 25 ಬಾರಿ ಅದನ್ನು ಕಾಪಾಡಿಕೊಂಡನು. ಆತನ ದೊಡ್ಡತನವನ್ನು ಹೇಳುವವರು ಸಾಮಾನ್ಯವಾಗಿ ಈ ಅಂಕೆಗಳಲ್ಲಿಯೇ ನಿಲ್ಲುತ್ತಾರೆ. ಆದರೆ 1942ರ ಎರಡು ಹೋರಾಟಗಳನ್ನು ಬೇರೆಯಾಗಿಯೇ ಎತ್ತಿ ನೋಡಬೇಕು. ಜನವರಿ 9ರಂದು ಬಡ್ಡಿ ಬೇರ್‌ನೊಡನೆ ಸೆಣಸಿ ಬಂದ ತನ್ನ ಸಂಭಾವನೆಯನ್ನು ಲೂಯಿಸನು ನೌಕಾಪಡೆಯ ಪರಿಹಾರ ನಿಧಿಗೆ ಅರ್ಪಿಸಿದನು. ಮಾರ್ಚ್ 27ರಂದು ಏಬ್ ಸೈಮನ್ನನನ್ನು ಸೋಲಿಸಿ ಗಳಿಸಿದ್ದನ್ನು ಭೂಸೇನೆಯ ಪರಿಹಾರ ನಿಧಿಗೆ ಒಪ್ಪಿಸಿದನು. ಆ ನೌಕಾಪಡೆಯು ಆಗ ಕಪ್ಪು ಜನರನ್ನು ಬಹುಮಟ್ಟಿಗೆ ಅಡುಗೆ ಬಡಿಸುವ ಊಳಿಗಕ್ಕಷ್ಟೇ ಸೇರಿಸಿಕೊಳ್ಳುತ್ತಿದ್ದಿತು. ಇದನ್ನರಿತೂ ಆತನು ಕೊಟ್ಟನು; ಎರಡು ಬಾರಿಯೂ ಜಗಜ್ಜೇತನ ಪದವಿಯನ್ನೇ ಪಣಕ್ಕೊಡ್ಡಿ ಕೊಟ್ಟನು. ತಾನೂ ಸಾಮಾನ್ಯ ಸೈನಿಕನಾಗಿ ಸೇರಿ, ಯುದ್ಧಕಾಲದಲ್ಲೆಲ್ಲ ಶಿಬಿರದಿಂದ ಶಿಬಿರಕ್ಕೆ ಹೋಗಿ ಯೋಧರ ಮುಂದೆ ತನ್ನ ವಿದ್ಯೆಯನ್ನು ಪ್ರದರ್ಶಿಸಿದನು. ಹಿಂದೆ ಸಂಕಷ್ಟದ ದಿನಗಳಲ್ಲಿ ತನ್ನ ಕುಟುಂಬವು ಡೆಟ್ರಾಯಿಟ್ ನಗರದಿಂದ ಪಡೆದಿದ್ದ ನೆರವಿನ ಹಣವನ್ನು ಕೈಗೆ ಕಾಸು ಬಂದೊಡನೆ ನಗರಕ್ಕೆ ಮರಳಿಸಿದವನೂ ಈತನೇ.

1949ರ ಮಾರ್ಚ್ 1ರಂದು ಲೂಯಿಸನು ನಿವೃತ್ತಿಯನ್ನು ಸಾರಿದನು. ಜಗಜ್ಜೇತನಾಗಿಯೇ ಕಣದಿಂದಿಳಿದವನ ದಾಖಲೆಯಲ್ಲಿ ಅಂದಿಗೆ ಒಂದೇ ಒಂದು ಸೋಲಿದ್ದಿತು. ಕಥೆಯು ಅಲ್ಲಿಗೆ ಮುಗಿದಿದ್ದರೆ ತೂಗುವವರಿಗೆ ಯಾವ ತೊಡಕೂ ಇರುತ್ತಿರಲಿಲ್ಲ. ಆದರೆ ಸರ್ಕಾರದ ತೆರಿಗೆಯ ಇಲಾಖೆಯು ಬಾಕಿಯ ಪಟ್ಟಿಯನ್ನು ಹಿಡಿದು ಬಂದಿತು. ಸೈನ್ಯಕ್ಕೆ ದಾನವಾಗಿ ಹೋದ ಹಣವನ್ನು ಕೂಡ ಆತನ ವರಮಾನವೆಂದೇ ಎಣಿಸಲಾಗಿತ್ತು. ಬಾಕಿಗೆ ಬಡ್ಡಿ ಸೇರಿ, ಬಡ್ಡಿಗೆ ದಂಡ ಸೇರಿ, ಮುಂದೆ ಅದು ಲಕ್ಷಾಂತರ ಡಾಲರುಗಳಿಗೆ ಬೆಳೆಯಿತು. ಮೂವತ್ತಾರು ವರ್ಷ ತುಂಬಿದ ಮಲ್ಲನಿಗೆ ತೋಳಿನ ಹೊರತು ಬೇರೆ ಬಂಡವಾಳವಿರಲಿಲ್ಲ. 1950ರ ಸೆಪ್ಟೆಂಬರ್ 27ರಂದು ಆತನು ಮತ್ತೆ ಕಣಕ್ಕಿಳಿದು ಎಜಾರ್ಡ್ ಚಾರ್ಲ್ಸನಿಗೆ ಹದಿನೈದು ಸುತ್ತುಗಳ ತೀರ್ಪಿನಲ್ಲಿ ಸೋತನು. 1951ರ ಅಕ್ಟೋಬರ್ 26ರಂದು ತನಗಿಂತ ಒಂಬತ್ತು ವರ್ಷ ಕಿರಿಯನಾದ ರಾಕಿ ಮಾರ್ಸಿಯಾನೊ ಎಂಬವನ ಹೊಡೆತಕ್ಕೆ ಎಂಟನೆಯ ಸುತ್ತಿನಲ್ಲಿ ಹಗ್ಗಗಳ ನಡುವಿನಿಂದ ಹೊರಕ್ಕುರುಳಿದನು. ಗೆದ್ದ ಮಾರ್ಸಿಯಾನೊ ಸೋತವನ ಕೋಣೆಗೆ ಹೋಗಿ ಕಣ್ಣೀರಿಟ್ಟನು. ಲೂಯಿಸನು ಆತನ ಬಾಲ್ಯದ ಆರಾಧ್ಯಪುರುಷನಾಗಿದ್ದನು.

ಆ ಮಾರ್ಸಿಯಾನೊ ತಾನಾದರೋ 49 ಹೋರಾಟಗಳನ್ನು ಹೋರಾಡಿ, ನಲವತ್ತೊಂಬತ್ತನ್ನೂ ಗೆದ್ದು, 1956ರಲ್ಲಿ ನಿವೃತ್ತನಾಗಿ ಮತ್ತೆ ಕಣದತ್ತ ತಿರುಗಲಿಲ್ಲ. ಅಂಕೆಯನ್ನೇ ಪ್ರಮಾಣವೆಂದು ನಂಬಿದವರು ಈ ಇಬ್ಬರನ್ನು ಅಕ್ಕಪಕ್ಕದಲ್ಲಿಟ್ಟು, ಒಬ್ಬನಿಗೆ ಸೋಲೇ ಇಲ್ಲ, ಇನ್ನೊಬ್ಬನಿಗೆ ಮೂರು ಸೋಲು ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಮಾರ್ಸಿಯಾನೊವಿನ ವಿವೇಕವು ನಿಜಕ್ಕೂ ಪ್ರಶಂಸನೀಯವಾದುದು. ನಿಲ್ಲಬೇಕಾದ ಹೊತ್ತಿಗೆ ನಿಲ್ಲುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಆದರೆ ಲೂಯಿಸನೂ ನಿಂತವನೇ. ಆತನನ್ನು ಮತ್ತೆ ಕಣಕ್ಕೆಳೆದದ್ದು ಕೀರ್ತಿಯ ಹಸಿವಿಗಿಂತ ಹೆಚ್ಚಾಗಿ ಸಾಲದ ಹೊರೆ. ಆ ಸಾಲದ ಒಂದು ಭಾಗವು ಆತನ ಔದಾರ್ಯದಿಂದಲೇ ಹುಟ್ಟಿದುದು. ಹೀಗಿರುವಾಗ ಕಡೆಯ ಎರಡು ಸೋಲುಗಳನ್ನು ಮೊದಲನೆಯ ಸೋಲಿನ ಸಾಲಿನಲ್ಲಿಯೇ ಬರೆಯುವ ಲೆಕ್ಕವು ಅಂಕಗಣಿತಕ್ಕೆ ಸರಿಯಾಗಿರಬಹುದು, ನ್ಯಾಯಕ್ಕೆ ಸರಿಯಾಗಿಲ್ಲ.

ಪ್ರತಿವಾದವೂ ಉಂಟು. ಲೂಯಿಸನು ಎದುರಿಸಿದವರಲ್ಲಿ ಅನೇಕರು ದುರ್ಬಲರಾಗಿದ್ದರೆಂದು ಕೆಲವರು ಹೇಳುತ್ತಾರೆ. ಹಣವನ್ನು ನೀರಿನಂತೆ ಚೆಲ್ಲಿದನು, ಗಾಲ್ಫ್ ಆಟದ ಪಣಗಳಲ್ಲಿ ಕಳೆದನು, ಹೂಡಿದ ವ್ಯಾಪಾರಗಳಲ್ಲಿ ಕೈಸುಟ್ಟುಕೊಂಡನು ಎಂದು ಮತ್ತೆ ಕೆಲವರು ಹೇಳುತ್ತಾರೆ. ಈ ಮಾತುಗಳಲ್ಲಿ ಸತ್ಯಾಂಶವಿಲ್ಲದಿಲ್ಲ. ಆತನು ಸಂತನಾಗಿರಲಿಲ್ಲ, ಸಂಸಾರದಲ್ಲಿಯೂ ವ್ಯವಹಾರದಲ್ಲಿಯೂ ದೋಷಗಳನ್ನು ಮಾಡಿದವನೇ. ಆದರೆ ದುರ್ಬಲರನ್ನು ಆರಿಸಿಕೊಂಡನೆಂಬ ಆಕ್ಷೇಪವು ಪೂರ್ತಿಯಾಗಿ ನಿಲ್ಲದು. ತನ್ನನ್ನು ಸೋಲಿಸಿದ ಶ್ಮೆಲಿಂಗನನ್ನೇ ಮತ್ತೆ ಎದುರುಗೊಂಡವನು, 1947ರಲ್ಲಿ ತನ್ನನ್ನು ಎರಡು ಸಲ ನೆಲಕ್ಕೆ ಕೆಡವಿದ್ದ ವಾಲ್ಕಾಟನಿಗೆ ಮರುವರ್ಷವೇ ಎರಡನೆಯ ಅವಕಾಶವನ್ನು ಕೊಟ್ಟು ಗೆದ್ದವನು ಅಂಜುಕುಳಿಯೆನಿಸಲಾರನು. ಇನ್ನು ದುಂದುಗಾರಿಕೆಯ ವಿಷಯ. ದುಂದು ಮಾಡಿದ ತಪ್ಪಿಗೆ ಆತನು ಶಿಕ್ಷೆಯನ್ನನುಭವಿಸಲಿ. ದಾನ ಮಾಡಿದ ತಪ್ಪಿಗೆ ಶಿಕ್ಷೆಯನ್ನೇಕೆ ಅನುಭವಿಸಬೇಕು?

ಸೋತವನನ್ನು ತೂಗುವ ಬಗೆಯನ್ನು ಕನ್ನಡ ಕಾವ್ಯಪರಂಪರೆಯು ಬಹು ಹಿಂದೆಯೇ ಕಲಿಸಿಕೊಟ್ಟಿದೆ. ಪಂಪನು ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಗೊಳಿಸಿ ಭಾರತವನ್ನು ರಚಿಸಿದನು; ಆದರೂ ಕರ್ಣನು ಬಿದ್ದಾಗ ಗೆದ್ದವನನ್ನು ಬದಿಗಿಟ್ಟು ಬಿದ್ದವನ ತ್ಯಾಗವನ್ನೂ ನನ್ನಿಯನ್ನೂ ನೆನೆಯುವಂತೆ ಓದುಗನಿಗೆ ಹೇಳಿದನು. ರನ್ನನ ಗದಾಯುದ್ಧದಲ್ಲಿ ಕಥಾನಾಯಕನು ಭೀಮನೇ ಆದರೂ ಸಹೃದಯನ ಮನಸ್ಸು ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಯಲ್ಲಿ ಬಹುಹೊತ್ತು ನಿಲ್ಲುತ್ತದೆ. ಗೆಲವು ಸೋಲುಗಳು ಕಾಳಗದ ಫಲಗಳು. ಮನುಷ್ಯನ ಬೆಲೆಯನ್ನು ಕಟ್ಟುವ ಒರೆಗಲ್ಲು ಬೇರೆಯೆಂಬುದನ್ನು ಈ ಮಹಾಕವಿಗಳು ಬಲ್ಲವರಾಗಿದ್ದರು. ಆ ಒರೆಗಲ್ಲಿಗೆ ಶರಣರು ಕಾಯಕವೆಂದೂ ದಾಸೋಹವೆಂದೂ ಹೆಸರಿಟ್ಟರು. ಮೈಮುರಿದು ದುಡಿದನೇ, ದುಡಿದುದನ್ನು ಹಂಚಿಕೊಂಡನೇ ಎಂಬ ಎರಡು ಪ್ರಶ್ನೆಗಳನ್ನು ಲೂಯಿಸನ ಬಾಳಿಗೆ ಹಾಕಿದರೆ ದೊರೆಯುವ ಉತ್ತರವು ದಾಖಲೆಯ ಪುಸ್ತಕದಲ್ಲಿರುವ ಉತ್ತರಕ್ಕಿಂತ ದೊಡ್ಡದು.

ಆತನ ಕೊನೆಯ ದಿನಗಳು ಸುಖದವಾಗಿರಲಿಲ್ಲ. ಹಣಕ್ಕಾಗಿ ಕುಸ್ತಿಯ ಪ್ರದರ್ಶನಗಳಲ್ಲಿ ಕಾಣಿಸಿಕೊಂಡನು. ಲಾಸ್ ವೇಗಸ್ ನಗರದ ವಿಲಾಸಿ ಹೋಟಲೊಂದರಲ್ಲಿ ಬಂದ ಅತಿಥಿಗಳ ಕೈಕುಲುಕಿ ಸ್ವಾಗತಿಸುವ ಕೆಲಸವನ್ನು ಮಾಡಿದನು. 1981ರ ಏಪ್ರಿಲ್ 12ರಂದು ಆತನು ತೀರಿಕೊಂಡಾಗ, ದೇಶದ ವೀರಯೋಧರನ್ನು ಹೂಳುವ ಆರ್ಲಿಂಗ್ಟನ್ ಸಮಾಧಿಭೂಮಿಯಲ್ಲಿ ಅಧ್ಯಕ್ಷರ ಅನುಮತಿಯಿಂದ ನೆಲೆ ದೊರೆಯಿತು. ಅಂತ್ಯಕ್ರಿಯೆಯ ವೆಚ್ಚಕ್ಕೆ ನೆರವಾದವರಲ್ಲಿ ಒಬ್ಬನು ಯಾರೆಂದರೆ, ಎರಡು ನಿಮಿಷಗಳಲ್ಲಿ ಸೋತುಹೋಗಿದ್ದ ಅದೇ ಮ್ಯಾಕ್ಸ್ ಶ್ಮೆಲಿಂಗನು. ಯುದ್ಧಾನಂತರ ಇಬ್ಬರೂ ಮಿತ್ರರಾಗಿದ್ದರು. ಸರ್ಕಾರದ ಲೆಕ್ಕಿಗರು ಮಾಡಲಾರದ ತೂಕವನ್ನು ಎದುರಾಳಿಯೊಬ್ಬನು ಮಾಡಿದನು.

ಈ ವೃತ್ತಾಂತದಲ್ಲಿ ವಿದ್ಯಾಸಂಸ್ಥೆಗಳು ಗಮನಿಸಬೇಕಾದ ಸಂಗತಿಯಿದೆ. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಪಾಠ ಹೇಳಿದ ಉಪಾಧ್ಯಾಯರ ಧ್ವನಿ ಕಡೆಯ ಎರಡು ವರ್ಷಗಳಲ್ಲಿ ಕುಗ್ಗಿದರೆ, ಅವರ ತರಗತಿಯ ಫಲಿತಾಂಶವು ಶೇಕಡಾ ಕೆಲವಂಶ ಇಳಿದರೆ, ಹಿಂದಿನ ಇಪ್ಪತ್ತೆಂಟು ವರ್ಷಗಳನ್ನು ಮರೆತುಬಿಡುವ ರೂಢಿ ಎಲ್ಲೆಡೆಯೂ ಕಾಣುತ್ತದೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಫಲತಾಂಬೂಲ ಕೊಟ್ಟರೆ ಋಣ ತೀರಿತೆಂದು ಭಾವಿಸಲಾಗುತ್ತದೆ. ದಾನಿಗಳ ವಿಷಯದಲ್ಲಿಯೂ ಹಾಗೆಯೇ. ಕೊಟ್ಟ ದಿನ ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವವರು ಹಲವರು. ಕೊಟ್ಟ ಕೈ ಬರಿದಾದ ದಿನ ಆ ಮನೆಯ ಬಾಗಿಲಿಗೆ ಹೋಗುವವರು ವಿರಳ. ದಾನವನ್ನು ಸ್ವೀಕರಿಸುವುದೆಂದರೆ ದಾನಿಯ ಯೋಗಕ್ಷೇಮದಲ್ಲಿ ಒಂದು ಪಾಲನ್ನು ಹೊತ್ತುಕೊಳ್ಳುವುದೆಂದೇ ಅರ್ಥ. ಲೂಯಿಸನಿಂದ ಪಡೆದ ರಾಷ್ಟ್ರವು ಈ ಹೊಣೆಯನ್ನು ಆತನು ಬದುಕಿದ್ದಾಗ ಮರೆತು, ಸತ್ತ ಮೇಲೆ ನೆನೆಯಿತು.

ಮಠಗಳ ನೆರಳಿನಲ್ಲಿ ಬೆಳೆದ ಶಾಲೆಗಳಿಗೆ ಅಂತಹ ಮರೆವು ಸಲ್ಲದು. ಅವು ನಿಂತಿರುವುದು ದುಡಿದವರ ಬೆವರಿನ ಮೇಲೆ, ಕೊಟ್ಟವರ ಧಾರಾಳದ ಮೇಲೆ. ನಿವೃತ್ತರಾದ ಗುರುಗಳ ಕಷ್ಟಸುಖವನ್ನು ವರ್ಷಕ್ಕೊಮ್ಮೆಯಾದರೂ ವಿಚಾರಿಸುವ, ಕೈಸೋತ ದಾನಿಯ ಮಕ್ಕಳಿಗೆ ಓದಿನ ಆಸರೆಯಾಗುವ ಏರ್ಪಾಡನ್ನು ಹಳೆಯ ವಿದ್ಯಾರ್ಥಿಗಳು ಕೈಗೊಂಡರೆ ಅದಕ್ಕೆ ದೊಡ್ಡ ನಿಧಿಯೇನೂ ಬೇಕಾಗುವುದಿಲ್ಲ.