ಪುರಸಭೆಗೂ ಒಳ್ಳೆಯ ವಕೀಲರು ಬೇಕು

ಕಾನೂನು ಓದುವ ಗೆಳೆಯರನ್ನು ‘ಮುಂದೇನು?’ ಎಂದು ಕೇಳಿ. ಹೈಕೋರ್ಟ್, ಕಂಪನಿ ಕೆಲಸ, ನ್ಯಾಯಾಧೀಶರ ಪರೀಕ್ಷೆ ಎನ್ನುತ್ತಾರೆ. ಪುರಸಭೆಯ ವಕೀಲರಾಗುತ್ತೇವೆ ಎನ್ನುವವರು ಅಪರೂಪ. ಆದರೆ ಒತ್ತುವರಿ, ಆಸ್ತಿ ತೆರಿಗೆ, ಕಸದ ಟೆಂಡರ್, ಬೀದಿ ವ್ಯಾಪಾರಿಗಳ ಹಕ್ಕು ಹೀಗೆ ಊರಿನ ಜಗಳ ಕೋರ್ಟ್ ಮೆಟ್ಟಿಲೇರಿದಾಗ ವಾದಿಸಬೇಕಾದವರು ಅವರೇ. ತಡೆಯಾಜ್ಞೆ ತೆರವಿಗೆ ಅರ್ಜಿ ಹಾಕಲು ಅವರು ತಡ ಮಾಡಿದರೆ ಒತ್ತುವರಿದಾರ ನಿಶ್ಚಿಂತ, ನಷ್ಟ ಊರಿನದು.

ಸರ್ಕಾರಿ ವಕೀಲರ ನೇಮಕ ಪಾರದರ್ಶಕವಾಗಿರಬೇಕು, ಅರ್ಹತೆಯೇ ಮಾನದಂಡವಾಗಬೇಕು ಎಂದು ಪಂಜಾಬ್–ಹರಿಯಾಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಪುರಸಭೆಗಳೂ ಹಾಗೆಯೇ ಪ್ರಕಟಣೆ ಹೊರಡಿಸಿ, ಅರ್ಜಿ ಕರೆದು, ಸಂದರ್ಶನ ನಡೆಸಿ ವಕೀಲರನ್ನು ಆರಿಸಲಿ. ಶಿಫಾರಸು ಇಲ್ಲದ ಯುವ ವಕೀಲರಿಗೂ ಬಾಗಿಲು ತೆರೆಯಲಿ. ಅವರಿಗೆ ಕೆಲಸ ಸಿಗುತ್ತದೆ, ಊರಿನ ಕೆರೆಯೂ ಉಳಿಯುತ್ತದೆ.