ಕೊರಳಿಗೊಂದು ಕ್ಯಾಮೆರಾ

ಹೋದ ವರ್ಷ ನಾನು ಕಟ್ಟುತ್ತಿದ್ದ ಚೀಟಿಯ ಹಣ ಕೈಗೆ ಬಂತು. ಬಂದ ದಿನವೇ ಅದನ್ನು ಏನು ಮಾಡಬೇಕೆಂದು ಮನೆಯವರೆಲ್ಲ ತೀರ್ಮಾನಿಸಿಯೂ ಬಿಟ್ಟರು. ನಾನೊಂದು ಎರಡೆಳೆ ಸರ ಮಾಡಿಸಿಕೊಳ್ಳಬೇಕೆಂದು ನಮ್ಮತ್ತೆಯವರ ಆಸೆ. ಬ್ಯಾಂಕಿನಲ್ಲಿರಲಿ ಎಂಬುದು ನಮ್ಮ ಯಜಮಾನರ ಯೋಚನೆ. "ನಾನೊಂದು ಡಿಜಿಟಲ್ ಎಸ್ಸೆಲ್ಲಾರ್ ಕ್ಯಾಮೆರಾ ತಗೋತೀನಿ" ಎಂದೆ. ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, "ಈ ವಯಸ್ಸಿನಲ್ಲಿ ನಿನಗ್ಯಾಕೆ ಅದು? ಮೊಬೈಲಿಲ್ವಾ?" ಎಂದರು. ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಹೊಳೆದದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನ ತಾಯಿ ತೀರಿಕೊಂಡಾಗ ವೈಕುಂಠ ಸಮಾರಾಧನೆಗೆ ಒಂದು ಪಟ ಬೇಕಾಯಿತು. ಟ್ರಂಕು, ಬೀರು ಎಲ್ಲ ಜಾಲಾಡಿದೆವು. ಎಪ್ಪತ್ತು ವರ್ಷ ಬಾಳಿದ ಹೆಂಗಸಿನ ಚಿತ್ರಗಳೆಂದು ಸಿಕ್ಕಿದ್ದು ಎರಡೇ. ಒಂದು, ಮತದಾರರ ಗುರುತಿನ ಚೀಟಿಯ ಮಸುಕು ಮುಖ. ಇನ್ನೊಂದು, ಯಾರದೋ ಮದುವೆಯ ಗುಂಪುಚಿತ್ರ. ಅದರಲ್ಲಿ ಅಮ್ಮ ತೀರಾ ಅಂಚಿನಲ್ಲಿ ನಿಂತಿದ್ದಾಳೆ, ಅರ್ಧ ಮುಖ ಪಕ್ಕದವರ ಭುಜದ ಹಿಂದೆ. ಸ್ಟುಡಿಯೋದವನು ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿ, ತಿದ್ದಿ, ಅಮ್ಮ ಎಂದೂ ಉಡದ ಒಂದು ರೇಷ್ಮೆ ಸೀರೆಯನ್ನೂ ಉಡಿಸಿ ಕೊಟ್ಟ. ಗೋಡೆಯ ಮೇಲೆ ಇವತ್ತಿಗೂ ಹೂವು ಮುಡಿಸಿಕೊಳ್ಳುತ್ತಿರುವ ಆಕೆ ಯಾರೋ ನನಗೆ ತಿಳಿಯದು.

ಮನೆಯಲ್ಲಿ ಕ್ಯಾಮೆರಾ ಇರಲಿಲ್ಲವೆ? ಇತ್ತು. ನಮ್ಮ ಚಿಕ್ಕಪ್ಪನ ಬಳಿ ಅಗ್ಫಾ ಕ್ಲಿಕ್ ಥ್ರೀ ಇತ್ತು. ಒಂದು ರೋಲಿಗೆ ಹನ್ನೆರಡು ಚಿತ್ರ. ಆ ಹನ್ನೆರಡರಲ್ಲಿ ಅವರ ಸ್ನೇಹಿತರು, ಹೊಸ ಸ್ಕೂಟರು, ಸೋಮನಾಥಪುರದ ದೇವಸ್ಥಾನ ಎಲ್ಲವೂ ಬಂದವು, ಅಡುಗೆಮನೆಯಲ್ಲಿದ್ದವರು ಬರಲಿಲ್ಲ. "ಹೆಂಗಸರು ಮುಟ್ಟಿದ್ರೆ ಕೆಡುತ್ತೆ" ಎಂಬ ಎಚ್ಚರಿಕೆಯೊಂದಿಗೆ ಅದು ಬೀರುವಿನ ಮೇಲ್ತಟ್ಟಿನಲ್ಲಿ ಕುಳಿತಿರುತ್ತಿತ್ತು. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ (1913–2012) ಅವರ ಮೊದಮೊದಲ ಚಿತ್ರಗಳೇ ಗಂಡನ ಹೆಸರಿನಲ್ಲಿ ಅಚ್ಚಾದವು ಎಂದಮೇಲೆ ತಲಕಾಡಿನ ಅಡುಗೆಮನೆಯ ಪಾಡೇನು ಹೇಳಿ.

ಹಾಗೆಂದು ನಮ್ಮೂರಿಗೆ ಕ್ಯಾಮೆರಾಗಳ ಬರವಿಲ್ಲ. ಭಾನುವಾರ ಬಂದರೆ ಸಾಕು, ಬೆಂಗಳೂರು-ಮೈಸೂರುಗಳಿಂದ ಕಾರುಗಳಲ್ಲಿ ಬಂದಿಳಿಯುತ್ತವೆ. ಮರಳು ದಿಬ್ಬ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣನ ಗುಡಿ, ಹೊಳೆಯಲ್ಲಿ ತಿರುಗುವ ಹರಿಗೋಲು, ಎಲ್ಲವನ್ನೂ ಮೊಳದುದ್ದದ ಲೆನ್ಸುಗಳಲ್ಲಿ ಹಿಡಿದುಕೊಂಡು ಹೋಗುತ್ತಾರೆ. ಸೋಪಾನದಲ್ಲಿ ಬಟ್ಟೆ ಒಗೆಯುವ ಅಜ್ಜಿಯ ಸುಕ್ಕುಗಳನ್ನೂ ಹಿಡಿಯುತ್ತಾರೆ. 2020ರ ಡಿಸೆಂಬರಿನ ಪಂಚಲಿಂಗ ದರ್ಶನದಲ್ಲಂತೂ ಕೇಳುವುದೇ ಬೇಡ. ಹಾಗೆ ಹೋದ ಒಂದೇ ಒಂದು ಚಿತ್ರ ಆ ಅಜ್ಜಿಯ ಕೈಗೆ ವಾಪಸು ಬಂದದ್ದನ್ನು ನಾನು ಕಂಡಿಲ್ಲ. ಚಿತ್ರ ತೆಗೆದು ಪ್ರಿಂಟ್ ಹಾಕಿಸಿ ಮನೆಗೆ ತಲುಪಿಸುವ ಒಂದು ಕ್ಯಾಮೆರಾ ಊರಿನಲ್ಲೇ ಇರಬೇಕು, ಅದು ಹೆಂಗಸರ ಜೊತೆ ಜಗಲಿಯಲ್ಲಿ ಕೂರಬಲ್ಲವರ ಕೈಯಲ್ಲಿರಬೇಕು ಎಂಬುದು ನನ್ನ ವಾದ.

ಇನ್ನು "ಮೊಬೈಲಿಲ್ವಾ?" ಎಂಬ ಪ್ರಶ್ನೆ. ಮೊಬೈಲನ್ನು ನಾನು ಹಳಿಯುವುದಿಲ್ಲ. ಒಳ್ಳೆಯ ಬೆಳಕಿದ್ದರೆ ಅದು ಒಳ್ಳೆಯ ಚಿತ್ರವನ್ನೇ ಕೊಡುತ್ತದೆ. ಆದರೆ ನನಗೆ ಬೇಕಾದ ಮುಖಗಳು ಒಳ್ಳೆಯ ಬೆಳಕಿನಲ್ಲಿ ಇರುವುದಿಲ್ಲ. ಅವು ನಡುಮನೆಯಲ್ಲಿ, ಒಂದೇ ಕಿಟಕಿಯ ತರಗತಿಯಲ್ಲಿ, ಬಿಸಿಯೂಟದ ಕೋಣೆಯ ಆವಿಯಲ್ಲಿ ಇರುತ್ತವೆ. ಸಾಮಾನ್ಯ ಎಸ್ಸೆಲ್ಲಾರಿನಲ್ಲಿ ಬೆಳಕು ಹಿಡಿಯುವ ಸೆನ್ಸರ್ ಸುಮಾರು 22 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಎತ್ತರವಿರುತ್ತದೆ. ಮೊಬೈಲಿನದು ಅದಕ್ಕಿಂತ ಎಷ್ಟೋ ಪಾಲು ಚಿಕ್ಕದು. ಸೂರಿನ ನೀರು ಹಿಡಿಯಲು ಕೊಳದಪ್ಪಲೆ ಇಡುವುದಕ್ಕೂ ಲೋಟ ಇಡುವುದಕ್ಕೂ ಇರುವ ವ್ಯತ್ಯಾಸ ಅದು. ಸಾಲದ್ದಕ್ಕೆ ಎಷ್ಟೋ ಮೊಬೈಲುಗಳು ಕೇಳದೆಯೇ ಮುಖದ ಸುಕ್ಕನ್ನು ಒರೆಸಿ, ಬಣ್ಣವನ್ನು ತಿಳಿ ಮಾಡುತ್ತವೆ. ಒಮ್ಮೆ ಸ್ಟುಡಿಯೋದವನು ತಿದ್ದಿದ ಮುಖ ನೋಡಿ ಅತ್ತವಳು ನಾನು. ಇನ್ನೊಬ್ಬ ತಿದ್ದುವವನನ್ನು ನಾನೇ ಮನೆಗೆ ಕರೆಯಲೆ?

ಮೈಸೂರಿನ ಒಂದು ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ನನ್ನ ಹಿಂದೆ ಇಣುಕಿ, "ಸರ್ ಬಂದಿಲ್ವಾ ಮೇಡಂ?" ಎಂದ. ಬಂದಿಲ್ಲವೆಂದೆ. "ಮಗನಿಗಾ?" ಎಂದ. ನನಗೇ ಎಂದೆ. ಆಮೇಲೆ ಅವನು ಮೆಗಾಪಿಕ್ಸೆಲ್ ಪುರಾಣ ಶುರು ಮಾಡಿದ. ಇದು ಹದಿನೆಂಟು, ಅದು ಇಪ್ಪತ್ನಾಲ್ಕು, ಇನ್ನೂ ಸ್ವಲ್ಪ ಹಾಕಿದರೆ ನಲವತ್ತೈದು. ನಾನು ಬಿ.ಎ., ಬಿ.ಎಡ್. ಮಾಡಿದವಳು, ವಿಜ್ಞಾನ ಓದಿದವಳಲ್ಲ. ಆದರೆ ಗುಣಾಕಾರ ಬರುತ್ತದೆ. ಗೋಡೆಗೆ ಹಾಕುವ 8 ಅಂಗುಲ, 12 ಅಂಗುಲದ ಒಂದು ಪಟ. ಚೆನ್ನಾಗಿ ಅಚ್ಚಾಗಲು ಅಂಗುಲಕ್ಕೆ 300 ಚುಕ್ಕೆ ಸಾಕು. 2400ನ್ನು 3600ರಿಂದ ಗುಣಿಸಿ: 86 ಲಕ್ಷ 40 ಸಾವಿರ. ಅಂದರೆ ಒಂಬತ್ತು ಮೆಗಾಪಿಕ್ಸೆಲ್ ಕೂಡ ಇಲ್ಲ! ಈ ಲೆಕ್ಕವನ್ನು ಅಲ್ಲಿದ್ದ ಕಾಗದದ ಮೇಲೆ ಬರೆದು ತೋರಿಸಿದಾಗ ಅವನು ಪಾಪ, ನೀರು ತರಿಸಿಕೊಟ್ಟ.

ಮೊದಲ ಕ್ಯಾಮೆರಾ ಕೊಳ್ಳುವವರು ಒಡಲಿಗೆ ಸುರಿಯುವ ದುಡ್ಡಿನಲ್ಲಿ ಅರ್ಧವನ್ನಾದರೂ ಕಣ್ಣಿಗೆ ಉಳಿಸಬೇಕು. ಲೆನ್ಸೇ ಕಣ್ಣು. ಜೊತೆಗೆ ಕೊಡುವ 18-55ರ ಲೆನ್ಸು ಕೆಟ್ಟದ್ದಲ್ಲ. ಗುಡಿಗೋಪುರ, ಶಾಲೆಯ ವಾರ್ಷಿಕೋತ್ಸವಗಳಿಗೆ ಅದು ಸಾಕು. ಆದರೆ ಮುಖದ ಹತ್ತಿರಕ್ಕೆ ಎಳೆದಾಗ ಅದರ ಕಿಂಡಿ ಎಫ್ 5.6ಕ್ಕೆ ಕಿರಿದಾಗುತ್ತದೆ. ಅದೇ 50 ಮಿಲಿಮೀಟರಿನ ಎಫ್ 1.8 ಲೆನ್ಸು ಸುಮಾರು ಒಂಬತ್ತರಷ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಲೆನ್ಸುಗಳಲ್ಲೆಲ್ಲ ಅಗ್ಗವಾದವುಗಳ ಸಾಲಿನಲ್ಲಿ ಅದೂ ಒಂದು. ಒಂದು ಕಿಟಕಿಯ ತರಗತಿಗೆ ಅದಕ್ಕಿಂತ ಬೇರೆ ದೀಪ ಬೇಡ. ಇಲ್ಲೊಂದು ಗುಂಡಿ ಇದೆ, ನೋಡಿ ನಡೆಯಿರಿ: ನಿಕಾನ್‌ನ ಡಿ3500, ಡಿ5600 ಮುಂತಾದ ಚಿಕ್ಕ ಕ್ಯಾಮೆರಾಗಳ ಒಡಲಿನಲ್ಲಿ ಫೋಕಸ್ ಮಾಡುವ ಮೋಟಾರಿಲ್ಲ. ಮೋಟಾರು ಲೆನ್ಸಿನಲ್ಲೇ ಇರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಲೆನ್ಸು ತಂದರೆ ಕೈಯಲ್ಲೇ ತಿರುಗಿಸುತ್ತಾ ಕೂರಬೇಕಾಗುತ್ತದೆ. ಕ್ಯಾನನ್ನಿನ ಇ.ಎಫ್. ಲೆನ್ಸುಗಳಿಗೆ ಈ ತಾಪತ್ರಯವಿಲ್ಲ.

ಅಷ್ಟರಲ್ಲಿ ಬೆಂಗಳೂರಿನಿಂದ ನನ್ನ ತಂಗಿಯ ಮಗ ಫೋನು ಮಾಡಿದ. "ದೊಡ್ಡಮ್ಮ, ಎಸ್ಸೆಲ್ಲಾರ್ ಕಾಲ ಮುಗೀತು. ಈಗ ಎಲ್ಲಾ ಮಿರರ್‌ಲೆಸ್. ಸತ್ತುಹೋದದ್ದನ್ನ ಯಾಕೆ ತಗೋತೀರಿ?" ಅವನ ಮಾತು ಸುಳ್ಳಲ್ಲ. 1999ರಲ್ಲಿ ನಿಕಾನ್ ಡಿ1 ಬಂದಾಗ, 2003ರಲ್ಲಿ ಕ್ಯಾನನ್ 300ಡಿ ಬಂದು ಸಾಮಾನ್ಯರ ಕೈಗೆಟುಕಿದಾಗ ಇದ್ದ ಉತ್ಸಾಹ ಈಗಿಲ್ಲ. ಇನ್ನು ಮುಂದೆ ಹೊಸ ಉನ್ನತ ದರ್ಜೆಯ ಎಸ್ಸೆಲ್ಲಾರ್ ತರುವುದಿಲ್ಲವೆಂದು 2021ರ ಕೊನೆಯಲ್ಲಿ ಕ್ಯಾನನ್ನಿನ ಮುಖ್ಯಸ್ಥರೇ ಹೇಳಿದರು. ದೊಡ್ಡ ಕಂಪನಿಗಳಲ್ಲಿ ಪೆಂಟಾಕ್ಸ್ ಒಂದು ಮಾತ್ರ ಕನ್ನಡಿಯನ್ನೇ ನಂಬಿ ಕುಳಿತಿದೆ.

ಆದರೆ ಮಾರುಕಟ್ಟೆಯಲ್ಲಿ ಸತ್ತದ್ದು ಮನೆಯಲ್ಲಿಯೂ ಸಾಯಬೇಕೆಂಬ ನಿಯಮವಿದೆಯೆ? ಪಟ್ಟಣದವರು ಹೊಸದರ ಬೆನ್ನು ಹತ್ತಿದ್ದರಿಂದಲೇ ಅವರ ಒಳ್ಳೊಳ್ಳೆಯ ಕ್ಯಾಮೆರಾಗಳು, ಲೆನ್ಸುಗಳು ಸೆಕೆಂಡ್ ಹ್ಯಾಂಡಿನಲ್ಲಿ ನಮ್ಮಂಥವರ ಅಳವಿಗೆ ಬಂದಿವೆ. ಇನ್ನೊಂದು ಕಾರಣವನ್ನು ತಲಕಾಡಿನ ಬಿಸಿಲಿನಲ್ಲಿ ನಿಂತವರೇ ಬಲ್ಲರು. ಮಧ್ಯಾಹ್ನ ಮರಳ ಮೇಲೆ ನಿಂತರೆ ಮೊಬೈಲಿನ ಪರದೆಯಲ್ಲಿ ನನ್ನ ಕನ್ನಡಕವಲ್ಲದೆ ಬೇರೇನೂ ಕಾಣುವುದಿಲ್ಲ. ಎಸ್ಸೆಲ್ಲಾರಿನೊಳಗೆ ಓರೆಯಾಗಿ ನಿಂತ ಕನ್ನಡಿ, ಲೆನ್ಸಿನಿಂದ ಬಂದ ಬೆಳಕನ್ನೇ ಮೇಲಕ್ಕೆ ಕಳಿಸಿ ಕಣ್ಣಿಗೆ ಮುಟ್ಟಿಸುತ್ತದೆ. ಒತ್ತಿದಾಗ ಮಾತ್ರ ಸರಿದು ದಾರಿ ಬಿಡುತ್ತದೆ. ಮಿರರ್‌ಲೆಸ್‌ಗಳಲ್ಲೂ ಕಣ್ಣಿಡುವ ಕಿಂಡಿ ಇರುವವಿವೆ. ಆದರೆ ಒಳಗೆ ಕಾಣುವುದು ಪುಟ್ಟದೊಂದು ಪರದೆ, ಅದು ಬ್ಯಾಟರಿಯನ್ನೂ ತಿನ್ನುತ್ತದೆ. 2018ರ ನಿಕಾನ್ ಡಿ3500ಕ್ಕೆ ಒಂದು ಚಾರ್ಜಿನಲ್ಲಿ 1550 ಚಿತ್ರಗಳೆಂದು ಕಂಪನಿಯ ಲೆಕ್ಕ. ಕರೆಂಟು ಯಾವಾಗ ಹೋಗುತ್ತದೋ ತಿಳಿಯದ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಅಷ್ಟು ಹೊಗಳಿದ ಮೇಲೆ ನಾನು ಅದನ್ನೇ ಕೊಂಡೆನೆ? ಇಲ್ಲ. ಕಾರಣ ಮರಳು. ಲೆನ್ಸು ಬದಲಿಸುವಾಗ ಒಂದು ಕಣ ಒಳಗೆ ಹೋದರೂ ಪ್ರತಿ ಚಿತ್ರದಲ್ಲೂ ಮಚ್ಚೆ ಬೀಳುತ್ತದೆ. ಡಿ3500ರಲ್ಲಿ ಸೆನ್ಸರನ್ನು ತಾನೇ ನಡುಗಿಸಿ ದೂಳು ಕೊಡವುವ ಏರ್ಪಾಡಿಲ್ಲ. 2017ರ ಕ್ಯಾನನ್ 200ಡಿಯಲ್ಲಿ ಇದೆ. ಬ್ಯಾಟರಿ ಸೇರಿ ಅರ್ಧ ಕಿಲೋಗೂ ಕಡಿಮೆ ತೂಕ. ನನ್ನ ಕುತ್ತಿಗೆ ನೋವಿಗೂ ಒಪ್ಪುತ್ತದೆ. ಯಾರೋ ಕೊಂಡು ಬಳಸದೆ ಇಟ್ಟಿದ್ದ ಅಂಥದೊಂದನ್ನು, ಶಟರ್ ಎಷ್ಟು ಸಲ ಬಿದ್ದಿದೆ ಎಂದು ವಿಚಾರಿಸಿ, ಬಿಳಿ ಗೋಡೆಯ ಚಿತ್ರ ತೆಗೆದು ಮಚ್ಚೆ ಇದೆಯೇ ಎಂದು ನೋಡಿ ತೆಗೆದುಕೊಂಡೆ. ಉಳಿದ ದುಡ್ಡಿನಲ್ಲಿ 50ರ ಲೆನ್ಸು. ದಿಬ್ಬದ ಮೇಲೆ ಲೆನ್ಸು ಬಿಚ್ಚುವುದಿಲ್ಲ ಎಂಬುದು ನನ್ನ ವ್ರತ. ಬದಲಿಸುವುದಿದ್ದರೆ ಮನೆಯೊಳಗೆ, ಸ್ವಿಚ್ ಆರಿಸಿ, ಒಡಲಿನ ಬಾಯನ್ನು ಕೆಳಮುಖ ಮಾಡಿ.

ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಮಕ್ಕಳ, ಸಾಮಾನ್ಯ ಜನರ ಚಿತ್ರಗಳಿಂದಲೇ ದೊಡ್ಡ ಹೆಸರಾದರು. ನಾನು ಹೆಸರು ಮಾಡಲು ಹೊರಟಿಲ್ಲ. ಮೊದಲು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆಯದನ್ನು ತೆಗೆದೆ, ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನನ್ನೊಬ್ಬಳದೇನಾ ಮಿಸ್? ಪಕ್ಕದಲ್ಲಿ ಯಾರೂ ಬೇಡ್ವಾ?" ಎಂದಳು. ಬೇಡವೆಂದೆ. ಒಬ್ಬಳೇ ಚಿತ್ರದ ನಡುವೆ ನಿಲ್ಲುವುದು ಅವಳಿಗೆ ಅಭ್ಯಾಸವಿರಲಿಲ್ಲ.

ಸುದ್ದಿ ಹಬ್ಬಿತು. ಒಂದು ಸಂಜೆ ನಮ್ಮ ಬೀದಿಯ ಕೊನೆಮನೆಯ ಅಜ್ಜಿ ತಲೆ ಬಾಚಿ, ಒಗೆದ ಸೀರೆ ಉಟ್ಟು ಬಂದು ಜಗಲಿಯಲ್ಲಿ ಕುಳಿತರು. "ನಾನು ಹೋದ್‌ಮ್ಯಾಕೆ ಮಡಗಕೆ ಒಂದು ಪೋಟ ತೆಗಿ ಕಣವ್ವ" ಎಂದರು, ಅರ್ಧ ಸೇರು ಸಕ್ಕರೆ ಕೇಳುವಷ್ಟೇ ಸಹಜವಾಗಿ. ಹನ್ನೊಂದು ತೆಗೆದೆ. ಹತ್ತರಲ್ಲಿ ಬಿಗುವಾಗಿ ಕೂತಿದ್ದಾರೆ. ಹನ್ನೊಂದನೆಯದಕ್ಕೆ ಬೆಕ್ಕೊಂದು ಅಡ್ಡ ಬಂದು, ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕುಬಿಟ್ಟರು. ಪ್ರಿಂಟುಗಳನ್ನು ತೋರಿಸಿದಾಗ ಅವರ ಮಗ, "ಗೋಡೆಗೆ ಹಾಕೋಕೆ ಗಂಭೀರವಾಗಿರೋದೇ ಚೆಂದ" ಎಂದ. ಅಜ್ಜಿ ನಗುವುದನ್ನೇ ಎತ್ತಿಕೊಂಡು ಮಡಿಲಲ್ಲಿಟ್ಟುಕೊಂಡರು. "ಇದು ನಾನು" ಎಂದರು.

ನಮ್ಮ ಯಜಮಾನರಿಗೆ ನಾನು ಕೊಡಬೇಕಾಗಿದ್ದ ಉತ್ತರ ಇಷ್ಟೇ. ಎರಡೆಳೆ ಸರ ನನ್ನ ಕೊರಳಿಗೆ ಒಪ್ಪುತ್ತಿತ್ತೇನೋ. ಸದ್ಯಕ್ಕೆ ಅಲ್ಲಿ ಕ್ಯಾಮೆರಾದ ಪಟ್ಟಿ ಇದೆ. ನಮ್ಮತ್ತೆಯವರು ಇನ್ನೂ ಮುನಿಸಿಕೊಂಡಿದ್ದಾರೆ. ಆದರೆ ಬರುವ ಶುಕ್ರವಾರ ತಲೆಗೆ ನೀರು ಹಾಕಿಕೊಂಡ ಮೇಲೆ ತಮ್ಮದೂ ಒಂದು ತೆಗೆಯಬೇಕೆಂದು ಮೊಮ್ಮಗಳ ಕೈಯಲ್ಲಿ ಹೇಳಿಕಳಿಸಿದ್ದಾರೆ.