ಕಡತಕ್ಕೇನು ಕಾಲಿದೆಯೆ?

ಕಡತ ಕಳೆದುಹೋಗಿದೆ ಅಂತಾರೆ. ಕಡತಕ್ಕೇನು ಕಾಲಿದೆಯೆ ಸ್ವಾಮಿ? ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ ನಮಗೆ ಈ ಮಾತು ಹೊಸದಲ್ಲ. ದರಖಾಸ್ತು ಜಮೀನಿನ ಕಾಗದ ಕಳೆಯುತ್ತೆ. ಜೀತದಿಂದ ಬಿಡಿಸಿಕೊಂಡು ಬಂದವನ ಅರ್ಜಿ ಕಳೆಯುತ್ತೆ. ಗೌಡನ ಪಹಣಿ ಕಳೆದದ್ದನ್ನು ಮಾತ್ರ ನಾವು ಕಂಡಿಲ್ಲ. ಇದು ನಮ್ಮೂರಿನ ರೋಗ ಮಾತ್ರ ಅಂದುಕೊಂಡಿರುವ ಗೆಳೆಯರು ಅಮೆರಿಕದ ಕರಿಯ ಸಿಪಾಯಿಗಳ ಕತೆ ಕೇಳಬೇಕು. 1972ರಲ್ಲಿ ಬೊಂಬಾಯಿಯ ನಮ್ಮವರು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರು ಎತ್ತಿಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದ ಮೇಲೆ ಆ ಕರಿಯರು ನಮಗೆ ಪರಕೀಯರಲ್ಲ.

ಪ್ಯಾರಿಸ್ ಡೇವಿಸ್ ಅಂತ ಒಬ್ಬ ಕ್ಯಾಪ್ಟನ್. ಅಮೆರಿಕದ ಸ್ಪೆಷಲ್ ಫೋರ್ಸಸ್‌ಗೆ ಸೇರಿದ ಮೊದಮೊದಲ ಕರಿಯ ಅಧಿಕಾರಿಗಳಲ್ಲೊಬ್ಬ. 1965ರ ಜೂನ್ 17 ಮತ್ತು 18ರಂದು ವಿಯೆಟ್ನಾಮಿನ ಬೋಂಗ್ ಸೋನ್ ಬಳಿ ಹತ್ತೊಂಬತ್ತು ಗಂಟೆ ಕಾದಾಡಿದ. ಕೈಬೆರಳು ಹಾರಿಹೋದರೂ ಕಿರುಬೆರಳಲ್ಲೇ ಕುದುರೆ ಎಳೆದ. ಗಾಯಗೊಂಡು ಬಯಲಲ್ಲಿ ಬಿದ್ದಿದ್ದ ಜೊತೆಗಾರರನ್ನು ಗುಂಡಿನ ಮಳೆಯಲ್ಲಿ ಎಳೆದು ತಂದ. ವಾಪಸ್ ಹೋಗು ಅಂದರೆ ಹೋಗಲಿಲ್ಲ. ಮೇಲಧಿಕಾರಿ ಮೆಡಲ್ ಆಫ್ ಆನರ್‌ಗೆ ಶಿಫಾರಸು ಬರೆದ. ಆ ದೇಶದಲ್ಲಿ ಅದಕ್ಕಿಂತ ದೊಡ್ಡ ಪದಕವಿಲ್ಲ. ಕಡತ ಕಳೆಯಿತು. 1969ರಲ್ಲಿ ವಿಚಾರಣೆಯಾಯಿತು, ಹೊಸದಾಗಿ ಬರೆದು ಕಳಿಸಿ ಅಂದರು. ಕಳಿಸಿದರು. ಅದೂ ಕಳೆಯಿತು. ಒಂದು ಸಲ ಕಳೆದರೆ ಗುಮಾಸ್ತನ ಮೈಗಳ್ಳತನ ಅನ್ನೋಣ. ಎರಡು ಸಲ ಕಳೆದರೆ ಏನನ್ನಬೇಕು? ಜೊತೆಗಾರರೂ ಬೆಂಬಲಿಗರೂ ಚದುರಿದ ಕಾಗದ, ಸಾಕ್ಷಿ ಮತ್ತೆ ಕೂಡಿಸಿ ಹಟ ಹಿಡಿದದ್ದಕ್ಕೆ 2023ರ ಮಾರ್ಚ್ 3ರಂದು ಪದಕ ಬಂತು. ಆಗ ಆತನಿಗೆ 83 ವರ್ಷ.

ದಾಖಲೆ ತಪ್ಪಿದ್ದರೆ ತಿದ್ದಿಸಿಕೊಳ್ಳಲು ಅಲ್ಲಿ ಕಾನೂನಿದೆ. 1946ರ ಕಾಯಿದೆಯಿಂದ ಹುಟ್ಟಿದ ದಾಖಲೆ ತಿದ್ದುಪಡಿ ಮಂಡಳಿಗಳಿವೆ. ಕೇಳಲು ಚೆನ್ನಾಗಿದೆ. ಆದರೆ ಒಳಗಿನ ನಿಯಮ ನೋಡಿ. ಕಚೇರಿ ಮಾಡಿದ್ದೆಲ್ಲ ಸರಿಯಾಗಿಯೇ ಇದೆ ಅಂತ ಮಂಡಳಿ ಮೊದಲೇ ನಂಬಿಕೊಂಡು ಕೂತಿರುತ್ತೆ. ತಪ್ಪಾಗಿದೆ ಅಂತ ಸಾಬೀತು ಮಾಡೋದು ಅರ್ಜಿದಾರನ ಹೊರೆ. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು, ಆಮೇಲೆ ಬಂದರೆ ತಡ ಮನ್ನಿಸುವುದು ಬಿಡುವುದು ಅವರ ಮರ್ಜಿ. ಸಾಬೀತು ಮಾಡೋಕೆ ಏನು ಬೇಕು? ದಾಖಲೆ. ದಾಖಲೆ ಎಲ್ಲಿದೆ? ಅವರದೇ ಕಚೇರಿಯಲ್ಲಿ. ಕದ್ದವನ ಮನೆಯ ಬೀಗದ ಕೈ ಕದ್ದವನ ಸೊಂಟದಲ್ಲೇ, ಕಳಕೊಂಡವನು ಸಾಕ್ಷಿ ತರಬೇಕು!

ಅವರ ಕಚೇರಿಗಾದರೂ ಬೆಂಕಿ ಬಿತ್ತು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ದಾಖಲೆ ಕೇಂದ್ರದಲ್ಲಿ 160ರಿಂದ 180 ಲಕ್ಷ ಸೈನಿಕರ ಕಡತಗಳು ಸುಟ್ಟುಹೋದವು. 1912ರಿಂದ 1960ರ ನಡುವೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ನೂರಕ್ಕೆ 80 ಬೂದಿ. ಇನ್ನೊಂದು ಪ್ರತಿಯನ್ನೇ ಇಟ್ಟಿರಲಿಲ್ಲ. ಬೆಂಕಿಗೆ ಬಣ್ಣ ಗೊತ್ತಿಲ್ಲ, ಬಿಳಿಯರದೂ ಸುಟ್ಟಿತು, ಒಪ್ಪೋಣ. ಆದರೆ ಬಿಳಿಯನ ಪದಕ ಬೆಂಕಿಗೆ ಮೊದಲೇ ಅವನ ಎದೆಯ ಮೇಲಿತ್ತು. ವೇವರ್ಲಿ ವುಡ್ಸನ್ ಅನ್ನೋ ಕರಿಯ ಶುಶ್ರೂಷಕ 1944ರ ಜೂನ್ 6ರಂದು ನಾರ್ಮಂಡಿಯ ಓಮಾಹ ದಡದಲ್ಲಿ ತಾನೇ ಗಾಯಗೊಂಡು, ಮೂವತ್ತು ಗಂಟೆ ನಿಂತು ಸುಮಾರು 200 ಜನರ ಗಾಯ ಕಟ್ಟಿದ. 2005ರಲ್ಲಿ ಸತ್ತ. ಕಾಗದವಿಲ್ಲದೆ ಅವನ ಮನೆಯವರು ಅಲೆದರು, ಅಲೆದರು. 2024ರಲ್ಲಿ ಎರಡನೆಯ ದರ್ಜೆಯ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ಕೊಟ್ಟರು. ಎರಡನೆಯ ಮಹಾಯುದ್ಧಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಕರಿಯರು ಹೋಗಿದ್ದರು. ಅಷ್ಟು ಜನರಲ್ಲಿ ಒಬ್ಬನಿಗೂ ಆಗ ಮೆಡಲ್ ಆಫ್ ಆನರ್ ಸಿಗಲಿಲ್ಲ. 1997ರಲ್ಲಿ ಏಳು ಜನಕ್ಕೆ ಒಟ್ಟಿಗೆ ಕೊಟ್ಟಾಗ ಕೈಚಾಚಿ ಈಸಿಕೊಳ್ಳೋಕೆ ಬದುಕಿದ್ದವನು ವರ್ನನ್ ಬೇಕರ್ ಒಬ್ಬನೇ.

ಇನ್ನೊಂದು ಕತೆ ಇದೆ. ಇದನ್ನು ಓದುವಾಗ ನಮಗೆ ಹೊಟ್ಟೆ ಉರಿಯಿತು. 1906ರ ಆಗಸ್ಟ್, ಟೆಕ್ಸಾಸಿನ ಬ್ರೌನ್ಸ್‌ವಿಲ್. ರಾತ್ರಿ ಗುಂಡಿನ ಸದ್ದಾಯಿತು, ಊರಲ್ಲಿ ಒಬ್ಬ ಬಿಳಿಯ ಸತ್ತ. ಕರಿಯ ಸಿಪಾಯಿಗಳೇ ಮಾಡಿದ್ದು ಅಂದರು. ಯಾರು ಅಂತ ಹೇಳಿ ಅಂದರೆ ಸಿಪಾಯಿಗಳು ಸುಳ್ಳು ಹೆಸರು ಕೊಡಲಿಲ್ಲ. ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ವಿಚಾರಣೆಯೇ ಇಲ್ಲದೆ 167 ಜನರನ್ನು ಮರ್ಯಾದೆ ಕಿತ್ತು ಮನೆಗಟ್ಟಿದ. ಪಿಂಚಣಿಗೆ ಹತ್ತಿರವಾಗಿದ್ದವರೂ ಅದರಲ್ಲಿದ್ದರು. ಆ ಪುಣ್ಯಾತ್ಮನಿಗೆ ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ! 1972ರಲ್ಲಿ ಸೈನ್ಯ ತನ್ನ ತಪ್ಪು ಒಪ್ಪಿ ದಾಖಲೆ ತಿದ್ದಿತು, ಹಿಂಬಾಕಿ ಸಂಬಳ ಮಾತ್ರ ಇಲ್ಲ ಅಂದಿತು. ಅಷ್ಟು ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲರೂ ಮಣ್ಣಾಗಿದ್ದರು. ಉಳಿದಿದ್ದ ಡಾರ್ಸಿ ವಿಲ್ಲಿಸ್ ಮಿನಿಯಾಪೊಲಿಸ್‌ನ ಕ್ಷೌರದಂಗಡಿಯಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಕಂಡವರ ಬೂಟಿಗೆ ಪಾಲಿಶು ಹಾಕಿ ಬದುಕಿದವನು. ಅವನ ಕೈಗೆ ಆಮೇಲೆ 25,000 ಡಾಲರ್ ಇಟ್ಟರು. ರೂಸ್ವೆಲ್ಟ್ ಕತೆ ಏನಾಯ್ತು? 1898ರ ಯುದ್ಧದಲ್ಲಿ ಕುದುರೆ ಏರಿದ್ದಕ್ಕೆ, ಸತ್ತು ಎಂಬತ್ತೆರಡು ವರ್ಷವಾದ ಮೇಲೆ, 2001ರಲ್ಲಿ ಅವನಿಗೂ ಮೆಡಲ್ ಆಫ್ ಆನರ್ ಕೊಟ್ಟರು. ಅವನಿಗೆ ಕಡತ ಸಿಕ್ಕಿತು ನೋಡಿ.

ಬಂಡಾಯದ ಗೆಳೆಯರು ಇಲ್ಲಿ ನಮ್ಮನ್ನು ತಡೆದು ಕೇಳಬಹುದು. ವಿಯೆಟ್ನಾಮಿನ ರೈತರ ಮೇಲೆ ಗುಂಡು ಹಾರಿಸಿದ ಸೈನ್ಯದ ಪದಕ ಕಟ್ಟಿಕೊಂಡು ನಿಮಗೇನಾಗಬೇಕು ಅಂತ. ನ್ಯಾಯವಾದ ಪ್ರಶ್ನೆ. ಆ ಯುದ್ಧವನ್ನು ನಾವು ಹೊಗಳುತ್ತಿಲ್ಲ, ತಗಡಿನ ಬಿಲ್ಲೆಗೆ ಕೈ ಮುಗಿಯುತ್ತಲೂ ಇಲ್ಲ. ಆದರೆ ಸೇವಾ ಪುಸ್ತಕದ ಒಂದು ಸಾಲಿನ ಹಿಂದೆ ಪಿಂಚಣಿ ಇದೆ, ಔಷಧಿ ಇದೆ, ಹೆಂಡತಿಯ ಹೊಟ್ಟೆಗೆ ಅನ್ನವಿದೆ. ಸಾಯೋಕೆ ಕರೆದಾಗ ಬಣ್ಣ ನೋಡದವರು ಬರೆಯೋವಾಗ ಯಾಕೆ ಬಣ್ಣ ನೋಡುತ್ತಾರೆ, ಇದು ನಮ್ಮ ಪ್ರಶ್ನೆ.

ಈ ಪ್ರಶ್ನೆ ನಮ್ಮ ಮನೆಯದೂ ಹೌದು. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಸತ್ತ ಮಹಾರ್ ಸಿಪಾಯಿಗಳ ಹೆಸರು ಕಂಪನಿಯವರು ಕಲ್ಲಿನ ಮೇಲೆ ಕೆತ್ತಿಸಿದರು. ‘ನಾಕ’ ಅಂತ ಕೊನೆಯಾಗುವ ಆ ಹೆಸರುಗಳು ಇಂದಿಗೂ ಅಲ್ಲಿವೆ. ಅದೇ ಬ್ರಿಟಿಷರು 1890ರ ದಶಕದಲ್ಲಿ, ನೀವು ಕಾದಾಡುವ ಕುಲದವರಲ್ಲ ಅಂತ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದರು. ಕಲ್ಲು ಹೌದು ಅನ್ನುತ್ತೆ, ಕಾಗದ ಅಲ್ಲ ಅನ್ನುತ್ತೆ. ಪಿಂಚಣಿದಾರ ಗೋಪಾಲ್ ಬಾಬಾ ವಲಂಗಕರ್ ಅರ್ಜಿ ಬರೆದ. 1910ರಲ್ಲಿ ಶಿವರಾಮ್ ಜಾನಬಾ ಕಾಂಬಳೆ ಲಂಡನ್ನಿಗೇ ಬರೆದ. ನಮ್ಮ ಅಜ್ಜಂದಿರು ಸೇವೆ ಮಾಡಿದ್ದಾರೆ, ನಿಮ್ಮ ಪುಸ್ತಕ ತೆಗೆದು ನೋಡಿ ಅನ್ನೋದೇ ಆ ಅರ್ಜಿಗಳ ತಿರುಳು. ಸುಬೇದಾರ್ ರಾಮಜಿಯ ಮಗ ಅಂಬೇಡ್ಕರರೂ ಅದನ್ನೇ ಹಿಡಿದು ಜಗ್ಗಿದರು. ಮಹಾರ್ ರೆಜಿಮೆಂಟು ಎದ್ದದ್ದು 1941ರಲ್ಲಿ, ನಮ್ಮದೇ ಬೆಳಗಾವಿಯಲ್ಲಿ. ಅದೂ ಯುದ್ಧಕ್ಕೆ ಆಳು ಸಾಲದಾದಾಗ. ಉತ್ತರದಲ್ಲಿ 1943ರಲ್ಲಿ ಎಬ್ಬಿಸಿದ ಚಮಾರ್ ರೆಜಿಮೆಂಟನ್ನು ಯುದ್ಧ ಮುಗಿದದ್ದೇ ತಡ, 1946ರಲ್ಲಿ ಒಡೆದುಹಾಕಿದರು.

ಹಳ್ಳಿ ಮೇಷ್ಟ್ರುಗಳಲ್ಲಿ ಒಂದು ಮಾತು. ನಿಮ್ಮ ಕೇರಿಯಲ್ಲಿ ಸೈನ್ಯದಿಂದ ಬಂದ ಮುದುಕರು ಇದ್ದಾರು. ಅವರ ಟ್ರಂಕಿನಲ್ಲಿರೋ ಡಿಸ್ಚಾರ್ಜ್ ಪುಸ್ತಕ ತೆಗೆಸಿ ಓದಿ. ಹೆಸರು, ಹುಟ್ಟಿದ ತಾರೀಖು, ಗಾಯ, ಪದಕ, ಹೆಂಡತಿಯ ಹೆಸರು ಸರಿಯಾಗಿ ಬಿದ್ದಿದೆಯೆ ನೋಡಿ. ಮೂರು ಪ್ರತಿ ಮಾಡಿಸಿ. ಜೊತೆಗಿದ್ದ ಸಿಪಾಯಿಗಳು ಬದುಕಿದ್ದರೆ ಅವರ ಮಾತನ್ನು ತಾರೀಖು ಹಾಕಿ ಬರೆದು ಸಹಿ ಮಾಡಿಸಿ, ಹೆಬ್ಬೆಟ್ಟಾದರೆ ಹೆಬ್ಬೆಟ್ಟು. ಅರ್ಜಿ ಕೊಟ್ಟ ದಿನವೇ ಮೊಹರು ಬಿದ್ದ ರಸೀತಿ ಇಲ್ಲದೆ ಆ ಕಚೇರಿಯ ಮೆಟ್ಟಿಲು ಇಳಿಯಬೇಡಿ.